ಮೇಲಿನ ಮನೆಯ ಮೇಡಂ ತಂದ ಮೂರು ಸೀಡಿ

ಮೊನ್ನೆ ಗುರುವಾರ ಮಧ್ಯಾಹ್ನ ದೇವರ ಸಾಮಾನುಗಳನ್ನು ಹುಣಸೆಹುಳಿ ಹಾಕಿ ತಿಕ್ಕುತ್ತ ಕೂತಿದ್ದೆ. ಫೋನು ಬಂತು. ಕೈಯೆಲ್ಲ ಹುಳಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹಲೋ ಅಂದೆ.

“ಬನಾರಸಿನ ವೈನಿಯವ್ರೇನ್ರಿ? ನಮ್ಮ ಅಕ್ಕಾ ನಿನ್ನೆ ತೀರಿಕೊಂಡ್ಲು. ಆಕಿ ಡೈರಿಯೊಳಗ ಆ ಊರಿಂದು ನಿಮ್ಮದೊಂದ ನಂಬರ್ ಇತ್ತು.”

ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆದವರು ಈ ಊರಿನಲ್ಲಿ ಒಬ್ಬರೇ. ಇಲ್ಲಿನ ಶಿವಾಲ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದ ಧಾರವಾಡದ ಮೇಡಂ. ವಿಶ್ವವಿದ್ಯಾಲಯದಲ್ಲಿ ಏನೋ ಸಂಶೋಧನೆ ಮಾಡುತ್ತಿದ್ದರು. ಒಂಟಿ ಹೆಂಗಸು, ದೇವರ ಮನೆ ಇಲ್ಲ, ಬೆಳಿಗ್ಗೆ ಎದ್ದೊಡನೆ ಚಹಾ. ಮೊದಮೊದಲು ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಮ್ಮ ಯಜಮಾನರನ್ನು ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿ ಆಗಲೇ ಎಷ್ಟೋ ಕಾಲವಾಗಿತ್ತು. ಅಮ್ಮ ನಮ್ಮ ಜೊತೆಗಿದ್ದಳು. ಅವಳಿಗೆ ಮರೆವು ಶುರುವಾಗಿತ್ತು. ಆರತಿ ಹಾಡು, ಹಸೆ ಹಾಡು, ಗೌರಿಯನ್ನು ಕಳಿಸುವ ಹಾಡು ಎಂದು ಅರುವತ್ತಕ್ಕೂ ಮೇಲೆ ಅವಳ ಬಾಯಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಅವು ಒಂದೊಂದಾಗಿ ಹೋಗುವ ಮುಂಚೆ ಇಳಿಸಿಕೊಳ್ಳಬೇಕಿತ್ತು.

ಪೆನ್ನಿನಲ್ಲಿ ಬರೆದರೆ ಆಗುತ್ತಿರಲಿಲ್ಲ, ಅದನ್ನೂ ನೋಡಿದ್ದೆ. ಅಮ್ಮನಿಗೆ ಕಣ್ಣು ಮಂಜು. ಕಂಪ್ಯೂಟರಿನಲ್ಲಿ ಅಂಗೈ ಅಗಲದ ಅಕ್ಷರ ಮಾಡಿ ಒಂದು ಸಾಲು ಟೈಪ್ ಮಾಡಿದರೆ, ಅವಳು ಅದನ್ನು ಬೆರಳಿಟ್ಟು ಓದಿ, ಮುಂದಿನ ಸಾಲನ್ನು ತಾನೇ ಎತ್ತಿಕೊಳ್ಳುತ್ತಿದ್ದಳು. ಕಂಡ ಸಾಲು ಕಾಣದ ಸಾಲನ್ನು ಕರೆಯುತ್ತಿತ್ತು… ಅದೊಂದು ದೇವರ ದಯೆ ಎಂದುಕೊಂಡಿದ್ದೆ.

ವಿಂಡೋಸ್ ನನಗೆ ಅಡುಗೆಮನೆಯಷ್ಟೇ ಗೊತ್ತಿತ್ತು. ಊರಿನ ಕನ್ನಡದವರ ಪೂಜೆಯ ಕರೆಯೋಲೆ, ಹೋಮದ ಪಟ್ಟಿ ಎಲ್ಲ ಒಂಬತ್ತು ವರ್ಷ ನಾನೇ ಮಾಡಿಕೊಟ್ಟಿದ್ದೆ. ಕಷ್ಟ ಬಂದಿದ್ದೂ ಅದರಿಂದಲೇ. ಬಂದವರೆಲ್ಲ ಅಸ್ಸಿ ಘಾಟಿನ ಸೈಬರ್ ಕೆಫೆಗಳಲ್ಲಿ ತಿರುಗಿದ ಪೆನ್ ಡ್ರೈವ್ ತಂದು ಚುಚ್ಚುವರು, ಅದರ ಜೊತೆ ವೈರಸ್. ಎರಡು ಸಲ ಎಲ್ಲ ಅಳಿಸಿ ಹೊಸದಾಗಿ ಹಾಕಿಸಿದ್ದೆವು. ಮೂರನೆಯ ಸಲ ಕೆಟ್ಟಾಗ ಅಮ್ಮನ ಹನ್ನೆರಡು ಹಾಡು ಹೋದವು. ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದುದನ್ನು ಮೇಡಂ ಕಂಡರು.

“ವಿಂಡೋಸ್ ತಗದು ಲಿನಕ್ಸ್ ಹಾಕ್ಕೋರಿ ವೈನಿ. ಈ ಕಾಟ ಇರೂದಿಲ್ಲ,” ಅಂದರು.

ಮರುದಿನ ಮೂರು ಸೀಡಿ ತಂದರು. ಮೂರೂ ಲಿನಕ್ಸೇ, ಆದರೆ ಬೇರೆ ಬೇರೆಯವರು ಕಟ್ಟಿದ್ದು. ಹೆಸರುಗಳು ನನ್ನ ನಾಲಿಗೆಗೆ ಹತ್ತಲಿಲ್ಲ. ಪರದೆಯ ಬಣ್ಣ ನೋಡಿ ನೀಲಿಯದು, ಹಸಿರಿನದು, ಕಂದಿನದು ಎಂದು ಕರೆದೆ. ಒಳಗೆ ಏನನ್ನೂ ಅಳಿಸದೆ ಸೀಡಿಯಿಂದಲೇ ನಡೆಸಿ ನೋಡಬಹುದಿತ್ತು.

“ಚಂದ ನೋಡಬ್ಯಾಡ್ರಿ. ನಿಮ್ಮ ಕೆಲಸ ಮಾಡಿ ನೋಡ್ರಿ,” ಎಂದು ಹೇಳಿ ಹೋದರು.

ನೀಲಿಯದು ಥೇಟ್ ವಿಂಡೋಸಿನಂತೆ. ಎಡಗಡೆ ಕೆಳಮೂಲೆಯಲ್ಲಿ ಗುಂಡಿ, ಕೈ ತಾನಾಗಿ ಅಲ್ಲಿಗೆ ಹೋಯಿತು. ಪ್ರಿಂಟರೂ ಒಂದೇ ಸಲಕ್ಕೆ ಓಡಿತು. ಆದರೆ ಒತ್ತಕ್ಷರಗಳೆಲ್ಲ ಒಡೆದು ಪಕ್ಕಕ್ಕೆ ನಿಂತಿದ್ದವು. ಹಸಿರಿನದು ನಮ್ಮ ಹಳೆಯ ಯಂತ್ರದಲ್ಲಿ ತೆವಳಿತು. ಕಂದಿನದರಲ್ಲಿ ಅಕ್ಷರ ಮುತ್ತಿನ ಹಾಗೆ ಬಂದವು, ಆದರೆ ಎಲ್ಲ ತಲೆಕೆಳಗು. ಪಟ್ಟಿ ಮೇಲುಗಡೆ, ಯಾವುದೂ ಇದ್ದ ಜಾಗದಲ್ಲಿಲ್ಲ. ನನಗೆ ಇನ್ನೊಬ್ಬರ ಅಡುಗೆಮನೆಯಲ್ಲಿ ಒಗ್ಗರಣೆ ಸೌಟು ಹುಡುಕಿದ ಹಾಗಾಯಿತು. ಮೂರು ದಿನ ಅತ್ತಿಂದಿತ್ತ ಓಲಾಡಿದೆ. ಅತ್ತ ಅಮ್ಮ ದಿನಾ ಒಂದಿಷ್ಟು ಮರೆಯುತ್ತಿದ್ದಳು.

ಕೊನೆಗೆ, ನಮ್ಮಲ್ಲಿ ಗೊತ್ತಾಗದಿದ್ದಾಗ ಮಾಡುವ ಹಾಗೆ, ಮೂರು ಚೀಟಿ ಬರೆದು ದೇವರ ಮುಂದೆ ಇಟ್ಟು ಅಮ್ಮನ ಕೈಯಿಂದ ಎತ್ತಿಸಿದೆ. ನೀಲಿ ಬಂತು. ಒಳಗೊಳಗೆ ನನಗೂ ಅದೇ ಬೇಕಿತ್ತು.

ಯಜಮಾನರು ಪೇಪರಿನ ಹಿಂದಿನಿಂದಲೇ, “ಪರವಾಗಿಲ್ಲ, ವಿಶ್ವನಾಥನಿಗೂ ಕಂಪ್ಯೂಟರ್ ಬರುತ್ತೆ,” ಅಂದರು.

ಸಂಜೆ ವಿಷಯ ಕೇಳಿದ ಮೇಡಂ ನಗಲಿಲ್ಲ. “ಚೀಟಿ ಹಾಕೂ ಮೊದಲ ನಿಮಗೇನು ಬೇಕು ಅಂತ ದೇವರಿಗೆ ಹೇಳಿದ್ರೇನ್ರಿ?” ಎಂದು ಕೇಳಿದರು. “ಪ್ರಿಂಟರ್ ಬೇಕೋ, ಅಜ್ಜಿ ಹಾಡು ಬೇಕೋ?”

ನನಗೆ ಸಿಟ್ಟು ಬಂತು. ದೀಪ ಹಚ್ಚದವರು ನನಗೆ ದೇವರ ವಿಷಯ ಹೇಳುವುದೇ? “ಬಂದ ಪ್ರಸಾದ ಬಿಡೋದಿಲ್ಲ ಮೇಡಂ,” ಎಂದೆ. ನೀಲಿಯದನ್ನು ನಾನೇ ಹಾಕಿದೆ.

ಅಮ್ಮನನ್ನು ಕೂರಿಸಿ ಗೌರಿ ಹಾಡಿನ ಮೊದಲ ಸಾಲು ಟೈಪ್ ಮಾಡಿದೆ. ಅವಳು ಬೆರಳಿಟ್ಟು ನೋಡಿದಳು. “ಇದ್ಯಾವ ಭಾಷೆನೇ?” ಎಂದಳು. ಬಾಯಲ್ಲಿ ಹೇಳಿಕೊಟ್ಟೆ, ಅಕ್ಷರ ಬದಲಿಸಿದೆ, ಫಾಂಟು ಬದಲಿಸಿದೆ. “ಇದು ನಮ್ಮ ಹಾಡಲ್ಲ ಬಿಡು,” ಎಂದು ಎದ್ದು ಹೋಗುವಳು. ಹೀಗೇ ಒಂಬತ್ತು ದಿನ. ಸಂಜೆ ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ಮೇಡಂ “ಹೆಂಗದ ವೈನಿ?” ಎನ್ನುವರು. “ಎಲ್ಲಾ ಸರಿಯಾಗಿದೆ,” ಎನ್ನುವೆ. ಸೋತೆ ಎನ್ನಲು ಬಾಯಿ ಬರಲಿಲ್ಲ.

ಹತ್ತನೆಯ ದಿನ ಅವರು ನಿಂಬೆಹಣ್ಣು ಕೊಡಲು ಬಂದವರು ಪರದೆ ನೋಡಿಬಿಟ್ಟರು. ಮೇಲೆ ಹೋಗಿ ಕಂದಿನ ಸೀಡಿ ತಂದು, ಅವತ್ತು ಕೆಲಸಕ್ಕೆ ಹೋಗದೆ ಕೂತು ಹಾಕಿದರು. ಅಕ್ಷರ ದೊಡ್ಡದು ಮಾಡಿ ಅಮ್ಮನನ್ನು ಕೂಗಿದರು. “ಬರ್ರಿ ಅಜ್ಜಿ, ನಿಮ್ಮ ಗೌರಿನ ಕಳಸೂಣು.”

ಅಮ್ಮ ಓದಿದಳು, ಹಾಡಿದಳು. ನಾಲ್ಕು ನುಡಿ ಬಂತು. ಹನ್ನೊಂದು ನುಡಿಯ ಹಾಡು ಅದು. ಐದನೆಯದಕ್ಕೆ ಬಾಯಿ ತೆರೆದು ಹಾಗೇ ನಿಂತಳು. ಗೌರಿ ಹೊಸ್ತಿಲು ದಾಟುವ ಕಡೆ… ಅಲ್ಲಿಂದಾಚೆ ಒಂದು ಪದವೂ ಉಳಿದಿರಲಿಲ್ಲ. ಹದಿನೈದು ದಿನದ ಹಿಂದೆ ನೀರು ಸೇದುವಾಗ ಪೂರ್ತಿ ಹಾಡಿದ್ದನ್ನು ನಾನು ಕೇಳಿದ್ದೆ.

ಮೇಡಂ ಮುಖ ಸಣ್ಣದಾಯಿತು. “ನಾನು ಒಮ್ಮೆ ಕೆಳಗಿಳದು ಬಂದು ನೋಡಬೇಕಿತ್ತು. ತಪ್ಪು ನಂದು ವೈನಿ,” ಅಂದರು.

ಆಗ ನಾನು “ಇಲ್ಲ” ಎನ್ನಬೇಕಿತ್ತು. ದಿನಾ ಸುಳ್ಳು ಹೇಳಿದವಳು ನಾನು. ಎನ್ನಲಿಲ್ಲ. ಸೆರಗಿನಿಂದ ಕೀಲಿಮಣೆಯ ಧೂಳು ಒರೆಸುತ್ತ ನಿಂತೆ.

ಆಮೇಲೆ ಅವರು ಸಂಜೆಸಂಜೆ ಬಂದು ಅಮ್ಮನ ಪಕ್ಕ ಕೂತರು. ಮೂವತ್ತೆಂಟು ಹಾಡು ಉಳಿದವು. ಆ ಯಂತ್ರ ಮತ್ತೆ ಕೆಡಲಿಲ್ಲ. ಅಮ್ಮ ಹೋಗುವಾಗ ನರಳಲಿಲ್ಲ. ಇಷ್ಟಾದರೂ ಆಯಿತಲ್ಲ ಎಂದು ದಿನವೂ ಕೈ ಮುಗಿಯುತ್ತೇನೆ. ಆದರೂ ಗೌರಿ ಹಬ್ಬ ಬಂತೆಂದರೆ ಎದೆಯೊಳಗೆ ಏನೋ ಕೂರುವುದಿಲ್ಲ, ನಿಲ್ಲುವುದಿಲ್ಲ. ಮೇಡಂ ಊರಿಗೆ ಹೋದ ಮೇಲೆ ನಾಲ್ಕಾರು ಸಲ ಫೋನು ಮಾಡಿದ್ದರು. ಹೇಳಬೇಕೆಂದುಕೊಳ್ಳುವೆ, ಹವಾಮಾನ ಮಾತಾಡಿ ಇಟ್ಟುಬಿಡುವೆ.

ಮೊನ್ನೆ ಅವರ ತಮ್ಮನ ಜೊತೆಗೂ ಹಾಗೇ ಮಾಡುತ್ತಿದ್ದೆ. “ನಮ್ಮ ತಾಯಿಗೆ ಬಹಳ ಮಾಡಿದ್ರಪ್ಪ ಅವರು,” ಎಂದೆ.

“ಏನ್ ಮಾಡಿದ್ಲೋ ಏನೋ ಬಿಡ್ರಿ. ಬನಾರಸದಾಗ ಒಬ್ಬ ಅಜ್ಜಿ ಹಾಡು ನನ್ನಿಂದ ಹೋತು ಅಂತ ಆಗಾಗ ಅಂತಿದ್ಲು. ದವಾಖಾನ್ಯಾಗೂ ಅಂದ್ಲು.”

ತಿಕ್ಕುತ್ತಿದ್ದ ತಟ್ಟೆ ಕೆಳಗಿಟ್ಟೆ. “ಅವರಿಂದಲ್ಲ,” ಎಂದೆ. “ನನ್ನಿಂದ ಹೋಗಿದ್ದು. ಅವರು ಕೇಳಿದಾಗೆಲ್ಲ ನಾನೇ ಸುಳ್ಳು ಹೇಳಿದೆ.”

ಆ ಕಡೆ ಯಾರೋ ಪಾತ್ರೆ ಎಳೆಯುವ ಸದ್ದು.

“ಆಕಿಗೆ ಹೇಳಬೇಕಿತ್ತಲ್ರಿ ಇದನ್ನ,” ಅಂದರು ಅವರು. ಬೈಗುಳದ ದನಿಯಲ್ಲ. ಇನ್ನೂ ಹಲವರಿಗೆ ತಿಳಿಸಬೇಕು ಎಂದು ಫೋನು ಇಟ್ಟರು.

ಕೈ ತೊಳೆದುಕೊಂಡೆ. ಮೂರೂವರೆ ಆಗಿತ್ತು, ಕೋತಿಗಳು ತಾರಸಿಗೆ ಇಳಿಯುವ ಹೊತ್ತು. ಒಣಗಿದ ಬಟ್ಟೆ ತರಲು ಮೆಟ್ಟಿಲು ಹತ್ತಿದೆ.