ಹುಳು ಹಣ್ಣಾಗುವ ತನಕ

ಎಪ್ಪತ್ತರ ದಶಕದ ಕೊನೆಯ ಮಾತು. ಕ್ಯಾಲನೂರಿನ ಹತ್ತಿರ ರೇಷ್ಮೆ ಸಾಕುವ ಮನೆಗೆ ನಾನು ಸೊಸೆಯಾಗಿ ಬಂದಿದ್ದೆ. ಮಗ ಆಗಷ್ಟೇ ಅಂಬೆಗಾಲಿಡುತ್ತಿದ್ದ. ಒಂದು ಬೆಳಿಗ್ಗೆ ಎದ್ದರೆ ಎರಡು ಕಿವಿಯೂ ಕೇಳಿಸುತ್ತಿಲ್ಲ. ನೋವಿಲ್ಲ, ಸೋರಲಿಲ್ಲ, ಸುಮ್ಮನೆ ಹೋಗಿಬಿಟ್ಟಿದ್ದವು. ಕೊನೆಯ ಹಂತದ ಹುಳುಗಳು ಸೊಪ್ಪು ಮೇಯುವಾಗ ಮನೆಯೊಳಗೆ ಮಳೆ ಹುಯ್ದ ಹಾಗೆ ಸದ್ದಿರುತ್ತದೆ. ಅಂದು ಹುಳುವಿನ ತಟ್ಟೆಯ ಮೇಲೆ ಬಗ್ಗಿ ನಿಂತೆ. ಎಲೆಗಳು ಕಣ್ಣೆದುರೇ ಕರಗುತ್ತಿದ್ದವು, ಸದ್ದು ಮಾತ್ರ ಇರಲಿಲ್ಲ.

ಆಸ್ಪತ್ರೆಗೆ ಹೋಗೋಣ ಎಂದು ಗಂಡನಿಗೆ ಹೇಳಿದೆ. ಅತ್ತೆ ಅಡ್ಡಡ್ಡ ತಲೆ ಆಡಿಸಿದರು. ಗಂಡ ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಬರೆದ: "ಹುಳು ಹಣ್ಣಾಗಲಿ."

ಹುಳು ಹಣ್ಣಾಗಿ ಗೂಡು ಕಟ್ಟುವ ತನಕ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬೀಡಿ ಹಚ್ಚುವಂತಿಲ್ಲ. ಆಸ್ಪತ್ರೆಯ ಔಷಧಿ ವಾಸನೆ ಹೊತ್ತು ಬಂದವರನ್ನಂತೂ ಹೊಸಿಲು ದಾಟಿಸುವುದಿಲ್ಲ, ಹುಳಕ್ಕೆ ರೋಗ ಬಡಿಯುತ್ತದಂತೆ. ಆ ಅಕ್ಕರೆಯಲ್ಲಿ ಕಾಲುಭಾಗ ಸೊಸೆಯ ಮೇಲೆ ಇದ್ದಿದ್ದರೆ! ಕಿವಿಗೆ ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ನಾನು ಸೊಪ್ಪು ಹೆಚ್ಚುತ್ತಾ ಕೂತೆ.

ಹಾಗೆ ಕೂತಿದ್ದಾಗಲೇ ಬೆನ್ನ ಹಿಂದೆ ಮಗು ಜಗುಲಿಯಿಂದ ಉರುಳಿ ಬಿದ್ದಿತ್ತು. ನನಗೆ ಗೊತ್ತಾದದ್ದು ಅತ್ತೆ ಓಡಿಬಂದಾಗ. ಮಗುವಿನ ಬಾಯಿ ತೆರೆದೇ ಇತ್ತು, ಹಣೆ ಊದಿತ್ತು. ಅಂದಿನಿಂದ ಹಾಲು ಕುಡಿಸುವ ಹೊತ್ತು ಬಿಟ್ಟರೆ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ಕಿವಿ ಬರದಿದ್ದರೆ ಮಗುವೂ ನನ್ನದಲ್ಲ ಎಂಬ ಭಯ ಅಂದೇ ಹೊಕ್ಕಿತು.

ಹುಳು ಹಣ್ಣಾಗಿ ಬಿದಿರಿನ ಚಂದ್ರಿಕೆಗೆ ಹತ್ತಿ ಗೂಡು ಕಟ್ಟಿದ ಮೇಲೆ ಕೋಲಾರಕ್ಕೆ ಹೋದೆವು. ಡಾಕ್ಟರು ಗಂಡನನ್ನು ಬೈಯುತ್ತಿದ್ದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ನನಗೆ ಚೀಟಿಯಲ್ಲಿ ಬರೆದು ತೋರಿಸಿದರು: ಮೊದಲ ದಿನವೇ ಬರಬೇಕಿತ್ತಂತೆ, ಈಗ ಕಿವಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಾತ್ರೆ ಕೊಟ್ಟು ಕಳಿಸಿದರು.

ಗೂಡು ಮಾರಿಯಾಯಿತು, ತಟ್ಟೆಗಳನ್ನು ತೊಳೆದಾಯಿತು. ಬಲಗಿವಿಯಲ್ಲಿ ಗುಂಯ್ ಎನ್ನತೊಡಗಿತು. ಒಂದು ಸಂಜೆ ರಾಗಿ ಕೇರುತ್ತಿದ್ದೆ. ಬಾವಿಯ ತಳದಿಂದ ಬಂದ ಹಾಗೆ ಅತ್ತೆಯ ದನಿ ಕೇಳಿಸಿತು. ನನ್ನ ಬೆನ್ನ ಹಿಂದೆಯೇ ಕೂತು ನನ್ನ ಗಂಡನೊಂದಿಗೆ ಮಾತಾಡುತ್ತಿದ್ದರು.

"ಕಿವುಡೀನ ಇಟ್ಕೊಂಡು ಏನ್ ಮಾಡೋದು ರಾ? ತವರಿಗೆ ಬಿಟ್ಟು ಬಾ. ಮಗು ಇಲ್ಲೇ ಇರ್ಲಿ."

"ಮುಂದಿನ ಹುಳು ತರೋಕೆ ಮುಂಚೆ ಬಿಟ್ಟು ಬರ್ತೀನಮ್ಮಾ," ಎಂದ ನನ್ನ ಗಂಡ.

ನಾನು ಮೊರ ನಿಲ್ಲಿಸಲಿಲ್ಲ. ಕೇಳಿಸಿತು ಎಂದು ತಿರುಗಿ ಹೇಳಬಹುದಿತ್ತು. ಹೇಳಿದ್ದರೆ ಕಾಯಿ ಒಡೆದು ಸಂಭ್ರಮಪಡುತ್ತಿದ್ದರೇನೋ. ಆದರೆ ಮುಂದೆ ಜ್ವರ ಬಂದರೆ, ಕಣ್ಣು ಹೋದರೆ ಆಗಲೂ ಹೀಗೇ ಬಿಟ್ಟುಬರುವವರೇ ತಾನೇ? ಯಾವ ದಿನ ಬಿಟ್ಟುಬರುತ್ತಾರೆ ಎಂದು ತಿಳಿಯುವ ತನಕ ಅವರ ನಡುವೆ ಕಿವುಡಿಯಾಗಿಯೇ ಇದ್ದೆ.

ಅವರು ಗೊತ್ತುಮಾಡಿದ ದಿನದ ಹಿಂದಿನ ದಿನ, ಹಾಲು ಕುಡಿಸಲೆಂದು ಇಸಿದುಕೊಂಡ ಮಗುವನ್ನು ಸೊಂಟಕ್ಕೆ ಹಾಕಿಕೊಂಡು, ನನ್ನ ತವರು ಮಾಲೂರಿಗೆಂದು ಬಸ್ಸಿನ ದಾರಿ ಹಿಡಿದೆ. ಅತ್ತೆ ಹಿಂದಿನಿಂದ ಕೂಗಿದ್ದು ಚೆನ್ನಾಗಿಯೇ ಕೇಳಿಸಿತು. ಕಿವುಡಿಯಲ್ಲವೇ, ತಿರುಗಲಿಲ್ಲ.