ಮಂಜಣ್ಣ, ಲೈನ್ ಆನ್ ಇದೆ

ಕಪ್ಪು ಹೆಲ್ಮೆಟ್ಟಿನ ಹಿಂಬದಿಯಲ್ಲಿ, ಅಂಚಿಗಿಂತ ಸ್ವಲ್ಪ ಮೇಲೆ, ಬಿಳಿ ಟೇಪನ್ನು ಕತ್ತರಿಸಿ ಅಂಟಿಸಿದ ಕನ್ನಡ ಅಂಕಿಗಳು: ೮೪/೨. ನಾಲ್ಕರ ಒಂದು ತುದಿ ಕಿತ್ತುಬಂದು ಗಾಳಿಗೆ ಅಲುಗುತ್ತಿತ್ತು. ಜಪಾನಿನ ಕಾವಾಸಾಕಿ ಊರಿನಲ್ಲಿ, ಹಗಲಿರುಳು ತೆರೆದಿರುವ ಒಂದು ಕೊಂಬಿನಿ ಅಂಗಡಿಯ ಪಾರ್ಕಿಂಗಿನಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ನಾನು, ಇಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ ಅದನ್ನು ಬಾಯಿಬಿಟ್ಟೇ ಓದಿದೆ. ಹೆಲ್ಮೆಟ್ಟು ನನ್ನ ಕಡೆ ತಿರುಗಿತು.

“ಎಂಬತ್ನಾಲ್ಕು ಬಾರ್ ಎರಡು ಅನ್ಬೇಕು. ಸರ್ವೆ ನಂಬರ್ರು ಅದು. ಯಾವೂರಮ್ಮ ನಿಮ್ದು?”

ಮಂಜಣ್ಣ ಪರಿಚಯವಾದದ್ದು ಹಾಗೆ. ನಲವತ್ತು ದಾಟಿದ ಮನುಷ್ಯ, ಕಾವಾಸಾಕಿಯ ಒಂದು ಪಂಪ್ ಕಾರ್ಖಾನೆಯ ಕಚೇರಿಯಲ್ಲಿ ಎಂಜಿನಿಯರ್. ಹೆಂಡತಿ ಸುಧಾ ಮತ್ತು ಶಾಲೆಗೆ ಹೋಗುವ ಮಗಳೊಂದಿಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅಲ್ಲಿದ್ದರು. ಬೆಂಗಳೂರಿನ ಉತ್ತರಕ್ಕಿರುವ ಒಂದು ಹಳ್ಳಿಯಲ್ಲಿ ಅವರಿಗೂ ಅವರ ಅಕ್ಕ ಸರೋಜಮ್ಮನಿಗೂ ಜಂಟಿ ಹೆಸರಿನಲ್ಲಿ ಒಂದು ಹೊಲವಿತ್ತು. ಅಕ್ಕ ಅದರಲ್ಲಿ ಸೇವಂತಿಗೆ ಬೆಳೆಯುತ್ತಿದ್ದರು. ಕೈಗಾರಿಕಾ ಬಡಾವಣೆಗೆಂದು ಸರ್ಕಾರ ಆ ಸುತ್ತಿನ ಜಮೀನಿಗೆಲ್ಲ ನೋಟಿಸು ಕೊಡುವುದು, ಜನ ತಕರಾರು ಹಾಕುವುದು, ಕಡತ ಮಲಗುವುದು, ಮತ್ತೆ ಏಳುವುದು ಅವರ ತಂದೆಯ ಕಾಲದಿಂದಲೂ ನಡೆದಿತ್ತು. ಕಚೇರಿಯ ಮೇಲಧಿಕಾರಿ ಓನೋ ಸಾನ್ ಒಮ್ಮೆ ಹೆಲ್ಮೆಟ್ಟಿನ ಅಂಕಿ ನೋಡಿ, ಇದು ನಿಮ್ಮ ರೇಸಿನ ನಂಬರೇ ಎಂದು ಕೇಳಿದರಂತೆ. ರೇಸೇ, ಆದರೆ ಅಪ್ಪ ಶುರು ಮಾಡಿದ್ದು, ಇನ್ನೂ ಮುಗಿದಿಲ್ಲ ಎಂದು ಇವರು ಉತ್ತರ ಕೊಟ್ಟರಂತೆ.

ಆಗ ನಾನು ಯೋಕೋಹಾಮಾದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಕೊರೋನಾ ಬಂದಮೇಲೆ ಪ್ರಯೋಗಾಲಯಕ್ಕೆ ಸರದಿಯ ಮೇಲೆ ಹೋಗಬೇಕಾಗಿತ್ತು. ರೈಲು ಹತ್ತಲು ಭಯವಾಗಿ ಹಳೆಯದೊಂದು ಬೈಕು ಕೊಂಡಿದ್ದೆ. ಮಂಜಣ್ಣನ ಭಾನುವಾರದ ಸವಾರಿಯಲ್ಲಿ ಇನ್ನಿಬ್ಬರಿದ್ದರು: ಗ್ಯೋಟೋಕು ಬಡಾವಣೆಯಲ್ಲಿದ್ದ ಹರೀಶ ಮತ್ತು ಅವನ ಸಹೋದ್ಯೋಗಿ ಸುಹಾಸ. ಇಬ್ಬರೂ ಬೆಂಗಳೂರಿನವರು, ಸಾಫ್ಟ್‌ವೇರಿನವರು. ನಾಲ್ಕನೆಯವಳಾಗಿ ನಾನು ಸೇರಿದೆ.

ಒಟ್ಟಿಗೆ ಕೂತು ತಿನ್ನುವ ಹಾಗಿರಲಿಲ್ಲ. ನಿಂತಲ್ಲಿ ಅವರವರ ಬೈಕಿನ ಪಕ್ಕದಲ್ಲಿ, ಮಾಸ್ಕ್ ಇಳಿಸಿ ಒನಿಗಿರಿ ಅನ್ನದುಂಡೆ ತಿಂದು ಮತ್ತೆ ಮಾಸ್ಕ್ ಏರಿಸುತ್ತಿದ್ದೆವು. ಮಾತೆಲ್ಲ ಹೆಲ್ಮೆಟ್ಟಿನೊಳಗಿನ ಇಂಟರ್‌ಕಾಮಿನಲ್ಲಿ. ಒಬ್ಬರು ಮಾತಾಡಿದರೆ ಉಳಿದ ಮೂವರ ಕಿವಿಯಲ್ಲೂ ಅದು ಕೇಳಿಸುತ್ತಿತ್ತು. ಅವರ ಮುಖಗಳಿಗಿಂತ ಧ್ವನಿಗಳೇ ನನಗೆ ಹೆಚ್ಚು ಪರಿಚಿತ. ನಾನು ನನ್ನ ಮೈಕನ್ನು ಮುಚ್ಚಿಟ್ಟು ಬರೀ ಕೇಳಿಸಿಕೊಳ್ಳುತ್ತಿದ್ದೆ. ಕಿವಿಯ ಇಷ್ಟು ಹತ್ತಿರದಲ್ಲಿ ಯಾರೊಂದಿಗಾದರೂ ಮಾತಾಡಿ ನನಗೆ ಅಭ್ಯಾಸವಿರಲಿಲ್ಲ. ಮಂಜಣ್ಣ ಅದನ್ನು ಎರಡನೆಯ ಭಾನುವಾರವೇ ಅರ್ಥ ಮಾಡಿಕೊಂಡರು. ಆಮೇಲೆ ಅವರು ಕೇಳುತ್ತಿದ್ದದ್ದು ಇಷ್ಟೇ: “ಡಾಕ್ಟ್ರಮ್ಮ, ಲೈನಲ್ಲಿದೀರಾ?” ನಾನು ಹಿಂದಿನಿಂದ ಹೆಡ್‌ಲೈಟನ್ನು ಒಮ್ಮೆ ಮಿನುಗಿಸುತ್ತಿದ್ದೆ. ಅವರು ಕನ್ನಡಿಯಲ್ಲಿ ನೋಡಿಕೊಂಡು “ಇದಾರೆ” ಎಂದು ಉಳಿದವರಿಗೆ ವರದಿ ಮಾಡುತ್ತಿದ್ದರು.

ಅವರು ಮುಂದೆ, ನಿಧಾನವಾಗಿ. ಅವರ ಬೈಕಿಗೆ ಅದಕ್ಕಿಂತ ಎಷ್ಟೋ ಹೆಚ್ಚು ವೇಗದ ಸಾಮರ್ಥ್ಯವಿತ್ತು, ಅದು ಹರೀಶನ ಹೊಟ್ಟೆ ಉರಿಸುತ್ತಿತ್ತು. ರಸ್ತೆಯಲ್ಲಿ ಕಂಡದ್ದನ್ನೆಲ್ಲ ಮಂಜಣ್ಣ ಹಿಂದಿನವರಿಗೆ ಹೇಳುತ್ತಾ ಹೋಗುತ್ತಿದ್ದರು. ಎಡಗಡೆಯಿಂದ ಟ್ರಕ್ಕು ಬರ್ತಿದೆ, ಬಿಡಿ. ಅಜ್ಜಿ ಸೈಕಲ್ಲು, ನೋಡ್ಕೊಳ್ಳಿ. ರಸ್ತೆ ಮೇಲೆ ಮಣ್ಣಿದೆ, ನಿಧಾನ. ಹೊಲದಿಂದ ಟ್ರ್ಯಾಕ್ಟರು ರಸ್ತೆಗೆ ಹತ್ತಿದ ಕಡೆ ಗಾಲಿಯಿಂದ ಉದುರಿದ ಹಸಿ ಮಣ್ಣಿನ ಮೇಲೆ ಬೈಕು ಜಾರುತ್ತದೆ. ಈ ಎಚ್ಚರಿಕೆಗಳ ನಡುವೆ ಜಮೀನಿನ ಚರ್ಚೆ. ಅದಿಲ್ಲದ ಭಾನುವಾರ ನನಗೆ ನೆನಪಿಲ್ಲ.

ಚರ್ಚೆಗೆ ಕಿಡಿ ಹಚ್ಚುವವನು ಹರೀಶ. ಸರ್ಕಾರಕ್ಕೆ ನೆಲ ಕೊಡದಿದ್ದರೆ ದೇಶ ಬೆಳೆಯುವುದು ಹೇಗೆ ಎಂಬುದು ಅವನ ವಾದ. ಒಂದು ಭಾನುವಾರ ಸಮುದ್ರದ ಅಂಚಿನ ಹೆದ್ದಾರಿಯಲ್ಲಿ ಹೋಗುವಾಗ ಅವನು ಕೇಳಿದ:

“ಈ ರೋಡೂ ಯಾರ್ದೋ ಹೊಲಾನೇ ಅಲ್ವಾ ಮಂಜಣ್ಣ? ಅವರೂ ನಿಮ್ಮಂಗೆ ಕೂತ್ಬಿಟ್ಟಿದ್ರೆ ನಾವೆಲ್ಲಿ ಗಾಡಿ ಓಡಿಸ್ತಿದ್ವಿ?”

“ಯಾರ್ದೋ ಹೊಲಾನೇ ಕಣಯ್ಯ,” ಎಂದರು ಮಂಜಣ್ಣ. “ಅದಕ್ಕೇ ನಾನು ಮೆಲ್ಲಗೆ ಓಡಿಸೋದು.”

ಸುಹಾಸ ಇನ್ನೊಂದು ದಿಕ್ಕಿನಿಂದ ಬರುತ್ತಿದ್ದ. ಹಳ್ಳಿಯವರೇನು ಕಡಿಮೆಯೇ, ಸರ್ಕಾರದ ಗೋಮಾಳವನ್ನೆಲ್ಲ ಒತ್ತಿಕೊಂಡವರು ಯಾರು ಎಂದು ಕೆಣಕುತ್ತಿದ್ದ. ಮಂಜಣ್ಣ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಹೌದು, ನಮ್ಮ ಚಿಕ್ಕಪ್ಪನೇ ಒತ್ತಿದ್ದಾನೆ, ಅವನಿಗೂ ನಮಗೂ ಮಾತಿಲ್ಲ ಎಂದು ಒಪ್ಪಿಕೊಂಡು, ಅದೇ ಉಸಿರಿನಲ್ಲಿ ಹರೀಶನ ಬೆಂಗಳೂರಿನ ಫ್ಲಾಟಿನ ಕಡೆ ತಿರುಗುತ್ತಿದ್ದರು. ಆ ಕಟ್ಟಡ ಒಂದು ಕೆರೆಯ ಅಂಗಳದಲ್ಲಿ ಎದ್ದಿತ್ತು. ಪ್ರತಿ ಮಳೆಗಾಲ ನೆಲಮಾಳಿಗೆಯಲ್ಲಿ ನೀರು. “ಮೀನು ಬಂದು ಬಾಡಿಗೆ ಕೇಳ್ತಾವೆ, ನೋಡ್ತಿರು. ನಮ್ ಮನೇಲಿ ನಿಮ್ದೇನ್ರೀ ಕೆಲಸ ಅಂತ.” ಹೆಲ್ಮೆಟ್ಟಿನೊಳಗೆ ನಾನು ಎಷ್ಟು ನಗುತ್ತಿದ್ದೆನೋ ಅವರು ಯಾರಿಗೂ ತಿಳಿದಿರಲಾರದು.

ತಮ್ಮ ಮಾತಿಗೆ ಸಾಕ್ಷಿ ಬೇಕಾದಾಗ ಅವರು ನಮ್ಮನ್ನು ಚಿಬಾದ ವಿಮಾನ ನಿಲ್ದಾಣದ ಪಕ್ಕಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಎತ್ತರದ ಬೇಲಿಗಳ ನಡುವೆ ಒಂದು ಓಣಿಯಂಥ ರಸ್ತೆ. ಅದರ ಕೊನೆಗೆ, ನಿಲ್ದಾಣಕ್ಕೆ ಬಿಟ್ಟುಕೊಡದೆ ರೈತರು ಉಳಿಸಿಕೊಂಡ ಹೊಲ. ತಲೆಯ ಮೇಲೆ ವಿಮಾನ, ಕೆಳಗೆ ಮೂಲಂಗಿಯ ಸಾಲು. ರಸ್ತೆಯ ಬದಿಗೆ ಒಂದು ಮರದ ಕಪಾಟು. ಕಾಯುವವರಿಲ್ಲ, ತರಕಾರಿ ತೆಗೆದುಕೊಂಡು ಡಬ್ಬಿಗೆ ನಾಣ್ಯ ಹಾಕಬೇಕು. ಮಂಜಣ್ಣ ಪ್ರತಿ ಸಲವೂ ಒಂದು ಮೂಲಂಗಿ ಕೊಂಡು ಹಿಂದಿನ ಸೀಟಿಗೆ ಬಿಗಿಯುತ್ತಿದ್ದರು. ಹೊಲದ ಕಡೆಗೆ ಓನೋ ಸಾನ್‌ಗೆ ಬಗ್ಗುವಷ್ಟೇ ಬಗ್ಗಿ ನಮಸ್ಕರಿಸುತ್ತಿದ್ದರು. “ಇವ್ರು ಮಾಡಿದ್ದೇನು ಗೊತ್ತಾ? ಏನೂ ಇಲ್ಲ. ಎದ್ದು ಹೋಗ್ಲಿಲ್ಲ, ಅಷ್ಟೇ. ಎದ್ದೋರದ್ದು ಮುಗೀತು.” ಇದನ್ನೇ ಅವರು ಅಕ್ಕನಿಗೂ ಫೋನಿನಲ್ಲಿ ಹೇಳುತ್ತಿದ್ದರು. ಸಹಿ ಮಾತ್ರ ಹಾಕಬೇಡ, ನಾನಿದ್ದೇನೆ ಎಂದು.

ಫೋನಿನ ವಿಷಯ ಹೇಳಬೇಕು. ಅವರ ಇಂಟರ್‌ಕಾಮ್ ಹಳೆಯದು. ಕರೆ ಬಂದಾಗ ಗುಂಪಿನ ಲೈನನ್ನು ಬೇರೆ ಗುಂಡಿ ಒತ್ತಿ ಕಡಿಯಬೇಕಾಗಿತ್ತು, ಅವರು ಸದಾ ಮರೆಯುತ್ತಿದ್ದರು. ಆ ಕಡೆಯವರ ಮಾತು ನಮಗೆ ಕೇಳಿಸುತ್ತಿರಲಿಲ್ಲ, ಇವರದು ಪೂರ್ತಿ ಕೇಳಿಸುತ್ತಿತ್ತು. ಹಾಗಾಗಿ ಅವರ ಮನೆಯಲ್ಲಿ ಕೊತ್ತಂಬರಿ ಸೊಪ್ಪು ಮುಗಿದದ್ದು, ಮಗಳು ಕನ್ನಡದ ಪ್ರಶ್ನೆಗೆ ಜಪಾನಿ ಭಾಷೆಯಲ್ಲೇ ಉತ್ತರಿಸಿ ಬೈಸಿಕೊಂಡದ್ದು ಎಲ್ಲ ನಮಗೆ ತಿಳಿದ ಸಂಗತಿ. ಅವರು ಸುಧಾ ಅವರನ್ನು ಮುದ್ದಿನ ಹೆಸರಿನಿಂದ ಕರೆಯುವ ಹೊತ್ತಿಗೆ ಸರಿಯಾಗಿ ಹರೀಶ, ಸುಹಾಸ ಒಟ್ಟಿಗೇ ಕೂಗುತ್ತಿದ್ದರು: “ಮಂಜಣ್ಣ, ಲೈನ್ ಆನ್ ಇದೆ!” ಅದು ನಮ್ಮ ಗುಂಪಿನ ನಿಯಮವೇ ಆಗಿಬಿಟ್ಟಿತ್ತು.

ಆ ವರ್ಷದ ಬೇಸಿಗೆಯಲ್ಲಿ ಕಡತ ಮತ್ತೆ ಎದ್ದಿತು. ಈ ಸಲದ್ದು ಕೊನೆಯ ನೋಟಿಸು. ತಕರಾರು ಇದ್ದವರು ಗೊತ್ತಾದ ದಿನ ಖುದ್ದಾಗಿ ಹಾಜರಾಗಬೇಕು, ಜಂಟಿ ಹೆಸರಿದ್ದರೆ ಇಬ್ಬರೂ. ಸರೋಜಮ್ಮ, ನೀನು ಬಂದರೆ ನಿಲ್ಲುತ್ತೇನೆ, ಒಬ್ಬಳೇ ಆ ಕಚೇರಿಯಲ್ಲಿ ನಿಲ್ಲಲಾರೆ ಎಂದಿದ್ದರು. ಅದೇ ಸಮಯಕ್ಕೆ ಜಪಾನು ಗಡಿ ಮುಚ್ಚಿತ್ತು. ವೀಸಾ ಇದ್ದವರೂ ಒಮ್ಮೆ ಹೊರಗೆ ಹೋದರೆ ಮರಳುವ ಖಾತ್ರಿ ಇರಲಿಲ್ಲ. ಮಂಜಣ್ಣ ಊರಿಗೆ ಹೋದರೆ ಕೆಲಸ ಉಳಿಯುವುದು ಅನುಮಾನ. ಹೆಂಡತಿ, ಮಗಳು ಕಾವಾಸಾಕಿಯಲ್ಲಿ, ತಾವು ಎಷ್ಟು ಕಾಲವೋ ಊರಿನಲ್ಲಿ. ಹೋಗದಿದ್ದರೆ ಹೊಲ ಹೋಗುತ್ತದೆ. ಹೋಗೇ ಹೋಗುತ್ತೇನೆ ಎಂದು ಒಂದು ಭಾನುವಾರ, ಕಾದು ನೋಡುತ್ತೇನೆ ಎಂದು ಮುಂದಿನ ಭಾನುವಾರ. ಹರೀಶ ಕೂಡ ವಾದ ನಿಲ್ಲಿಸಿ, ಗಡಿ ತೆರೆಯುವ ಸುದ್ದಿ ಹುಡುಕಿ ಹುಡುಕಿ ಅವರಿಗೆ ಕಳಿಸುತ್ತಿದ್ದ.

ಕರೆ ಬಂದದ್ದು ವಿಮಾನ ನಿಲ್ದಾಣದ ಹೊಲಕ್ಕೆ ಇನ್ನು ಸ್ವಲ್ಪ ದೂರವಿರುವಾಗ, ಭತ್ತದ ಗದ್ದೆಗಳ ನಡುವಿನ ನೇರ ರಸ್ತೆಯಲ್ಲಿ. ಲೈನ್ ಆನ್ ಇತ್ತು.

“ಹೇಳಕ್ಕ... ಇಲ್ಲ, ಆಗಲ್ಲ. ಕೇಳ್ದೆ, ಎಲ್ಲಾ ಕಡೆ ಕೇಳ್ದೆ... ಅಳ್ಬೇಡ. ಅಕ್ಕ, ಅಳ್ಬೇಡ. ಸೈನ್ ಹಾಕ್ಬಿಡು. ನಂದು ಕಾಗದ ಕೊರಿಯರಲ್ಲಿ ಬರುತ್ತೆ.” ಅವರು ಗೇರು ಇಳಿಸಿದ ಸದ್ದು ಕೇಳಿಸಿತು. “ಒಪ್ಪಿದೀನಿ ಅನ್ನೋಕೆ ಕೊರಿಯರ್ ಸಾಕಂತೆ. ಒಪ್ಪಲ್ಲ ಅನ್ನೋಕೆ ಮಾತ್ರ ಆಳೇ ಬಂದು ನಿಲ್ಬೇಕಂತೆ. ನಾನೇನ್ಮಾಡ್ಲಿ ಹೇಳು.”

ಲೈನ್ ಆನ್ ಇದೆ ಎಂದು ಯಾರೂ ಕೂಗಲಿಲ್ಲ. ನನ್ನ ಮುಂದೆ ಸುಹಾಸನ ಬೈಕು, ಅದರ ಮುಂದೆ ಹರೀಶನದು, ಎಲ್ಲಕ್ಕೂ ಮುಂದೆ ೮೪/೨. ಮೂವರೂ ಹಿಂಬಾಲಿಸಿದೆವು. ಮಂಜಣ್ಣನ ಉಸಿರು ಮಾತ್ರ ಕಿವಿಗೆ ಬರುತ್ತಿತ್ತು. ರಸ್ತೆಯ ಮೇಲೆ ಮಣ್ಣಿದ್ದ ಜಾಗ ಬಂತು. ಅವರು ಹೇಳಲಿಲ್ಲ. ನಾವೇ ನೋಡಿಕೊಂಡು ದಾಟಿದೆವು.

ತರಕಾರಿ ಕಪಾಟಿನ ಬಳಿ ನಿಂತಾಗ ಸುಹಾಸ ಟೈರಿನ ಸವೆತದ ಬಗ್ಗೆ ಮಾತು ತೆಗೆದ. ಹರೀಶ ಅದಕ್ಕೆ ಅತಿ ಉತ್ಸಾಹದಿಂದ ಉತ್ತರಿಸಿದ. ಹೊಲದ ಎದುರೇ ನಿಂತು ಯಾರೂ ಜಮೀನಿನ ಸುದ್ದಿ ಎತ್ತಲಿಲ್ಲ. ಮಂಜಣ್ಣ ಒಬ್ಬೊಬ್ಬರನ್ನೇ ನೋಡಿದರು. ನಾವು ಕೇಳಿಸಿಕೊಂಡೆವೆಂದು ಅವರಿಗೆ ಗೊತ್ತಾದದ್ದು ಆಗಲೇ ಇರಬೇಕು. ಅವತ್ತು ಅವರು ಮೂಲಂಗಿ ಕೊಳ್ಳಲಿಲ್ಲ, ನಮಸ್ಕರಿಸಲೂ ಇಲ್ಲ.

ಮರುವಾರ ಅವರು ಬರಲಿಲ್ಲ. ಬೆನ್ನು ನೋವು ಎಂದರು. ಆಮೇಲೆ ಕಚೇರಿ, ಆಮೇಲೆ ಮಗಳ ಪರೀಕ್ಷೆ. ಅವರಿಲ್ಲದೆ ನಾವು ಕೆಲವು ಸಲ ಹೊರಟೆವು. ಹರೀಶ ಮುಂದೆ ಹೋದರೆ ನನಗೆ ಹಿಡಿಯಲಾಗುತ್ತಿರಲಿಲ್ಲ. ಲೈನಿನಲ್ಲಿ ಮಾತಿಗಿಂತ ಗಾಳಿಯೇ ಹೆಚ್ಚಾಯಿತು. ಚಳಿಗಾಲದ ಹೊತ್ತಿಗೆ ಭಾನುವಾರದ ಸವಾರಿಯೇ ನಿಂತುಹೋಯಿತು. ಅದಕ್ಕೂ ಮೊದಲು, ಶರತ್ಕಾಲಕ್ಕೆ ಗಡಿ ತೆರೆದಾಗ ಅವರಿಗೆ ಒಂದು ಸಂದೇಶ ಬರೆದು ಅಳಿಸಿದ್ದೆ. ಆ ಸುದ್ದಿ ಅವರಿಗೆ ಈಗ ಏತಕ್ಕೆ ಅನ್ನಿಸಿತ್ತು.

ಮತ್ತೆ ಅವರನ್ನು ಕಂಡದ್ದು ಒಂದೂವರೆ ವರ್ಷದ ಮೇಲೆ, ಅವರು ಊರಿಗೆ ವಾಪಸಾಗುವ ಹಿಂದಿನ ದಿನ. ಕಂಪನಿ ಬೆಂಗಳೂರಿಗೆ ವರ್ಗ ಮಾಡಿತ್ತು, ಇವರೇ ಕೇಳಿ ಪಡೆದದ್ದು ಎಂದು ಹರೀಶ ಹೇಳಿದ. ಸಂಜೆ ಕಾವಾಸಾಕಿಯ ಅವರ ಕಟ್ಟಡದ ಕೆಳಗೆ ಹೋದೆ. ಬೈಕು ಆಗಲೇ ಮಾರಾಟವಾಗಿ ಅದು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಇತ್ತು. ಹೆಲ್ಮೆಟ್ಟನ್ನು ಕಸಕ್ಕೆ ಹಾಕುವ ಚೀಲದಲ್ಲಿ ಇಟ್ಟಿದ್ದರು. ಟೇಪು ಕಿತ್ತಿದ್ದರೂ ಅದರ ಅಂಟು ಉಳಿದು, ಅಂಕಿಗಳಿದ್ದ ಕಡೆ ಧೂಳು ಹಿಡಿದಿತ್ತು.

ಕುಶಲದ ಮಾತು ಬೇಗ ಮುಗಿಯಿತು. ಮಾಸ್ಕಿನ ಮೇಲಿನ ಅವರ ಕಣ್ಣುಗಳನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

“ಅವತ್ತು ಲೈನ್ ಆನ್ ಇತ್ತು, ಅಲ್ವಾ ಡಾಕ್ಟ್ರಮ್ಮ?”

“ಇತ್ತು,” ಎಂದೆ. “ಎಲ್ಲಾ ಕೇಳಿಸ್ತು.”

ಅವರು ತಲೆಯಾಡಿಸಿದರು. ಆಮೇಲೆ, ನಾನು ಕೇಳದೆಯೇ, ಉಳಿದದ್ದನ್ನು ಹೇಳಿದರು. ಅಕ್ಕಪಕ್ಕದ ನಾಲ್ಕಾರು ಮನೆಯವರು ಸಹಿ ಹಾಕದೆ ನಿಂತರು. ಕೋರ್ಟಿನಲ್ಲಿ ತಡೆ ಸಿಕ್ಕಿತು. ಹೋದ ವರ್ಷ ಸರ್ಕಾರ ಸಹಿ ಹಾಕದವರ ಜಮೀನನ್ನು ಕೈಬಿಟ್ಟಿತು. ಈಗ ಸುತ್ತಲೂ ಸೇವಂತಿಗೆ ಇದೆ. ನಡುವೆ ಎಂಬತ್ನಾಲ್ಕು ಬಾರ್ ಎರಡಕ್ಕೆ ಕಲ್ಲಿನ ಕಂಬ, ತಂತಿ ಬೇಲಿ, ಒಂದು ಕಬ್ಬಿಣದ ಬೋರ್ಡು. ಒಳಗೆ ಯಾರೂ ಏನೂ ಕಟ್ಟಿಲ್ಲ, ಪಾರ್ಥೇನಿಯಂ ಬೆಳೆದಿದೆ. ಅಕ್ಕ ಈಗ ಪಕ್ಕದವರ ಹೊಲಕ್ಕೆ ಹೂ ಬಿಡಿಸಲು ಹೋಗುತ್ತಾರೆ.

“ಒಂದು ಮಾತೂ ಅಂದಿಲ್ಲ ಅಕ್ಕ, ಇವತ್ತಿನವರೆಗೂ,” ಎಂದರು. “ಬೈದಿದ್ರೆ ಊರಿಗೆ ಹೋಗೋದು ಸುಲಭ ಆಗ್ತಿತ್ತು.”

ಮೇಲಿನಿಂದ ಮಗಳು ಜಪಾನಿ ಭಾಷೆಯಲ್ಲಿ ಅಪ್ಪನನ್ನು ಕೂಗಿದಳು. ಅವರು ಕನ್ನಡದಲ್ಲಿ ಬಂದೆ ಎಂದರು. ನನ್ನ ಬೈಕಿನ ಹಿಂದಿನ ಟೈರನ್ನು ಕಾಲಿನಿಂದ ಒತ್ತಿ ನೋಡಿ, ಗಾಳಿ ಕಡಿಮೆ ಇದೆ, ಹೋಗ್ತಾ ಹಾಕಿಸಿಕೊಳ್ಳಿ ಎಂದು ಹೇಳಿ ಮೆಟ್ಟಿಲು ಹತ್ತಿದರು.

ಮರುದಿನ ಬೆಳಿಗ್ಗೆ ಟೈರಿಗೆ ಗಾಳಿ ಹಾಕಿಸಿಕೊಂಡು ಚಿಬಾದ ಕಡೆ ಹೊರಟೆ. ಅವರ ವಿಮಾನ ಅಲ್ಲಿಂದಲೋ ಬೇರೆ ನಿಲ್ದಾಣದಿಂದಲೋ ನಾನು ಕೇಳಿರಲಿಲ್ಲ. ಗದ್ದೆಗಳ ನಡುವಿನ ನೇರ ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಆಗಷ್ಟೇ ದಾಟಿಹೋಗಿತ್ತು. ನನ್ನ ಹಿಂದೆ ಯಾರೂ ಇರಲಿಲ್ಲ. ಎಡಗೈಯಿಂದ ಹೆಲ್ಮೆಟ್ಟನ್ನು ತಡವಿ ಮೈಕಿನ ಗುಂಡಿ ಒತ್ತಿದೆ.

“ರಸ್ತೆ ಮೇಲೆ ಮಣ್ಣಿದೆ,” ಎಂದೆ. “ನಿಧಾನ.”