ನೀರಿಗೆ ಹಾಕಬಾರದ ಅಂಗಿ

ಕಳೆದ ವಾರ ಬೋಗಾದಿಯ ಹತ್ತಿರ ರಿಂಗ್ ರೋಡಿನ ಸಿಗ್ನಲ್‌ನಲ್ಲಿ ನಿಂತಿದ್ದೆ. ನನ್ನ ಸ್ಕೂಟರಿನ ಪಕ್ಕಕ್ಕೆ ಬಂದು ನಿಂತ ಬೈಕಿನವನು ಶರ್ಟಿನ ಮೇಲೆ ತೋಳಿಲ್ಲದ ಕಪ್ಪು ಜಾಕೆಟ್ಟು ಹಾಕಿದ್ದ. ಅದರ ಎದೆಯ ಬದಿಯಲ್ಲಿ ಕಡಲೆಕಾಳಿನಷ್ಟು ಹಸಿರು ದೀಪ ಮಿನುಗುತ್ತಿತ್ತು. ಏರ್‌ಬ್ಯಾಗ್ ಜಾಕೆಟ್ಟು. ಗಾಡಿಯಿಂದ ಬಿದ್ದರೆ ಒಳಗಿನ ಪುಟ್ಟ ಸಿಲಿಂಡರ್ ಸಿಡಿದು, ಮೈ ನೆಲಕ್ಕೆ ತಾಕುವ ಮೊದಲೇ ಕತ್ತು, ಎದೆ, ಬೆನ್ನಿನ ಸುತ್ತ ಗಾಳಿ ತುಂಬಿಕೊಳ್ಳುತ್ತದೆ. ಆ ದೀಪವನ್ನೇ ನೋಡುತ್ತಾ ನಿಂತುಬಿಟ್ಟೆ. ಹಿಂದಿನವರು ಹಾರ್ನ್ ಹೊಡೆದ ಮೇಲೆ ಹೊರಟೆ.

ನಮ್ಮ ಪಕ್ಕದ ಮನೆಯ ಮಾವನ ಹತ್ತಿರ ಅಂಥದ್ದೇ ಒಂದಿತ್ತು. ಮಾವ ಅಂದರೆ ನೆಂಟಸ್ತನವೇನೂ ಇಲ್ಲ. ಅಪ್ಪ ಬೋಗಾದಿಯಲ್ಲಿ ಮನೆ ಕಟ್ಟಿಸುವಾಗ ಪಕ್ಕದಲ್ಲಿ ಇದ್ದದ್ದು ಅವರದೊಂದೇ ಮನೆ. ಗೋಡೆಗೆ ನೀರುಣಿಸಲು ಪೈಪು ಕೊಟ್ಟವರು ಅವರು, ಊಟದ ಹೊತ್ತಿಗೆ ಮುದ್ದೆ ಸಾರು ಕಳಿಸಿದವರು ಅವರ ಹೆಂಡತಿ. ಅಪ್ಪನಿಗೆ ಅವರು ಭಾವನಾದರು, ಅವರಿಬ್ಬರೂ ನನಗೆ ಮಾವ, ಅತ್ತೆಯಾದರು. ನಂಜನಗೂಡಿನ ಕಡೆಯ ಬೇಸಾಯದ ಮನೆಯವರು. ಮಾವ ದುಡಿಯುವ ಕಾಲವೆಲ್ಲ ಗೂಡ್ಸ್ ಟೆಂಪೊ ಓಡಿಸಿ, ವಯಸ್ಸಾದ ಮೇಲೆ ಅದನ್ನು ಮಾರಿ ಒಂದು ಬೈಕು ಇಟ್ಟುಕೊಂಡಿದ್ದರು.

ಆ ಬೈಕು ಹೆಚ್ಚಾಗಿ ಓಡುತ್ತಿದ್ದದ್ದು ಸಾವಿನ ಮನೆಗಳಿಗೆ. ಬಡಾವಣೆಯಲ್ಲಿ ಯಾರೇ ತೀರಿಕೊಳ್ಳಲಿ, ಮೊದಲು ಹೋಗುತ್ತಿದ್ದವರು ಮಾವ. ವ್ಯಾನಿಗೆ ಫೋನ್ ಮಾಡುವುದು, ಬಿದಿರು, ಮಡಕೆ, ಹಾರ ತರಿಸುವುದು, ಸೌದೆಗೋ ಗುಂಡಿಗೋ ಅವರವರ ಪದ್ಧತಿಯಂತೆ ಹೇಳುವುದು, ಅಳುತ್ತಾ ಕೂತವರಿಗೆ ಬೈದು ಕಾಫಿ ಕುಡಿಸುವುದು, ಎಲ್ಲ ಅವರದೇ. ಮದುವೆಗೆ ಕರೆಯದೆ ಹೋಗಬಾರದು, ಸಾವಿಗೆ ಕರೆಯಲಿ ಅಂತ ಕಾಯಬಾರದು ಅನ್ನುತ್ತಿದ್ದರು. ಸ್ಮಶಾನದಿಂದ ಎಲ್ಲರಿಗಿಂತ ಮುಂಚೆ ಬೈಕಿನಲ್ಲಿ ಬಂದು, ಹೋದವರು ಬರುತ್ತಿದ್ದಾರೆ, ಗೇಟಿನ ಹತ್ತಿರ ನೀರಿಡಿ, ದೀಪ ನೋಡಿಕೊಳ್ಳಿ ಅಂತ ಹೇಳುವುದೂ ಅವರ ಕೆಲಸವೇ. ಆಮೇಲೆ ತಮ್ಮ ಮನೆಯ ಹಿತ್ತಲಿಗೆ ಹೋಗಿ, ಉಟ್ಟದ್ದನ್ನೆಲ್ಲ ಬಕೆಟ್ಟಿನ ನೀರಿಗೆ ಹಾಕಿ, ತಲೆಗೆ ಸ್ನಾನ ಮಾಡಿಯೇ ಒಳಗೆ ಕಾಲಿಡುತ್ತಿದ್ದರು. ಈ ವಿಷಯದಲ್ಲಿ ಅತ್ತೆ ಮಹಾ ಕಟ್ಟುನಿಟ್ಟು.

ಒಂದು ಸಲ ಮಾವ ಬಿದ್ದು ಕಾಲರ್ ಬೋನ್ ಮುರಿದುಕೊಂಡರು. ಅತ್ತೆ ಹಟ ಹಿಡಿದರು, ಬೈಕು ಮಾರಿ ಇಲ್ಲವೇ ನನ್ನನ್ನು ಮಗಳ ಮನೆಗೆ ಕಳಿಸಿ ಅಂತ. ಮಾವ ಎರಡಕ್ಕೂ ಒಪ್ಪಲಿಲ್ಲ. ಮೂರನೆಯ ದಾರಿ ಹುಡುಕಿದ್ದು ನಾನು. ಫೋನಿನಲ್ಲಿ ಈ ಜಾಕೆಟ್ಟು ತೋರಿಸಿದೆ, ಬೀಳುವ ವೀಡಿಯೊಗಳನ್ನೂ ತೋರಿಸಿದೆ. ಅತ್ತೆ ಎರಡೆರಡು ಸಲ ನೋಡಿ ತರಿಸು ಅಂದರು. ಮಾವ ಅವರಿಗೆ ಮಾತು ಕೊಟ್ಟದ್ದು ಹೀಗೆ: ಅದನ್ನು ಹಾಕಿಕೊಳ್ಳದೆ ಗಾಡಿ ಗೇಟು ದಾಟಬಾರದು. ಅವತ್ತಿನಿಂದ ಮಾವ ಕರಿಬೇವು ತರಲು ಹೋದರೂ ಜಾಕೆಟ್ಟು. ಏನು ಮಾವ, ಪೊಲೀಸ್ ಕೆಲಸ ಸಿಕ್ಕಿತಾ ಅಂತ ಹಾಲಿನ ಬೂತಿನವರು ರೇಗಿಸುತ್ತಿದ್ದರು. ಬೇಸಿಗೆಯಲ್ಲಿ ಬೆನ್ನೆಲ್ಲ ಬೆವೆತು, ಮಗುವನ್ನು ಕಟ್ಟಿಕೊಂಡ ಹಾಗಾಗುತ್ತದೆ ಅಂತ ಗೊಣಗಿದರೂ ತೆಗೆಯುತ್ತಿರಲಿಲ್ಲ. ರಾತ್ರಿ ಅದನ್ನು ಮಿಕ್ಸಿಯ ಪಕ್ಕದ ಸ್ವಿಚ್ಚಿನಲ್ಲಿ ಚಾರ್ಜಿಗೆ ಹಾಕುವುದು ಅತ್ತೆಯ ಪಾಲಿನ ಕೆಲಸ.

ಒಂದು ಸಲ ಅದು ಕೆಲಸವನ್ನೂ ಮಾಡಿತು. ಹೊಸ ಲೇಔಟಿನ ತಿರುವಿನಲ್ಲಿ ಜಲ್ಲಿ ಮೇಲೆ ಗಾಡಿ ಜಾರಿ ಮಾವ ಬಿದ್ದರು. ಪಟಾಕಿಯಂಥ ಸದ್ದು ಕೇಳಿ ಜನ ಓಡಿ ಬಂದರೆ, ಮಾವ ಅಕ್ಕಿಮೂಟೆಯ ಹಾಗೆ ಉಬ್ಬಿಕೊಂಡು ರಸ್ತೆ ಮಧ್ಯೆ ಕೂತಿದ್ದರಂತೆ. ಕತ್ತು ತಿರುಗಿಸಲಾಗದೆ ಯಾರು ಮಾತಾಡಿಸಿದರೂ ನೇರ ನೋಡಿಕೊಂಡೇ ಉತ್ತರ ಕೊಡುತ್ತಿದ್ದರಂತೆ. ಅಂಗೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನಾನು ಹೊಸ ಸಿಲಿಂಡರ್ ತರಿಸಿ ಹಾಕಿಕೊಟ್ಟೆ. ಆ ವರ್ಷದ ಆಯುಧಪೂಜೆಯಲ್ಲಿ ಅತ್ತೆ ಬೈಕಿಗಿಂತ ಮೊದಲು ಜಾಕೆಟ್ಟಿಗೆ ಕುಂಕುಮ ಇಟ್ಟರು.

ತೊಡಕು ಶುರುವಾದದ್ದು ಅಲ್ಲಿಂದಲೇ ಅನಿಸುತ್ತದೆ… ಪೂಜೆಗೆ ಇಟ್ಟ ವಸ್ತು ಸಾವಿನ ಮನೆಗೆ ಹೋಗಿ ಬಂದರೆ ಹೇಗೆ ಅನ್ನುವ ಯೋಚನೆ ಅತ್ತೆಗೆ ಬಂತು. ಹೋಗಲಿ, ಬಂದ ಮೇಲೆ ಎಲ್ಲ ಬಟ್ಟೆಯ ಜೊತೆ ನೆನೆಸಿಬಿಡಿ ಅಂದರು. ಮಾವ ನನ್ನನ್ನು ಕರೆದು, ಪೆಟ್ಟಿಗೆಯಲ್ಲಿ ಬಂದಿದ್ದ ಸೂಚನೆಯ ಕಾಗದ ಓದಿಸಿದರು. ಒಳಗೆ ಬ್ಯಾಟರಿ, ಸೆನ್ಸರ್ ಇದೆ, ನೀರಿಗೆ ಹಾಕಬಾರದು ಅಂತ ಸ್ಪಷ್ಟವಾಗಿ ಬರೆದಿತ್ತು. ಅರಿಶಿನದ ನೀರು ಚಿಮುಕಿಸಿದರೆ ಸಾಲದೇ ಅಂತ ನಾನೇ ಕೇಳಿದೆ. ಅತ್ತೆಯ ಕಾನೂನು ಬೇರೆಯೇ ಇತ್ತು. ಫೋನು, ವಾಚು, ಬೀಗದ ಕೈಗೆ ಚಿಮುಕಿಸಿದರೆ ಆಗುತ್ತದೆ. ಹೆಲ್ಮೆಟ್ಟಿಗೆ ಒಂದು ಚೊಂಬು ನೀರು ಸುರಿದರೆ ಆಗುತ್ತದೆ. ಆದರೆ ಇದನ್ನು ಮೈಗೆ ತೊಡುತ್ತೀರಿ, ತೊಟ್ಟ ಮೇಲೆ ಅದು ಅಂಗಿ, ಅಂಗಿ ನೆನೆಯಲೇಬೇಕು.

“ನೆನೆಸಂಗಿಲ್ಲ ಅಂದ್ರೆ ಮಣ್ಣಿಗೆ ಹೋಗುವಾಗ ಹಾಕ್ಕೋಬ್ಯಾಡಿ, ಅಷ್ಟೇ,” ಅಂದರು ಅತ್ತೆ.

ಮಾವನಿಗೆ ಒಳಗೊಳಗೇ ಖುಷಿ. ಅಷ್ಟು ಹೊತ್ತಾದರೂ ಬೆನ್ನಿಗೆ ಗಾಳಿಯಾಡುತ್ತದಲ್ಲ. ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. “ಸರಿಯಾಗೇ ಐತೆ ಬುಡು ಕಣಮ್ಮ. ಯಮರಾಯ ಆ ಮನೇಲೇ ಕೂತಿರ್ತಾನಲ್ಲ, ರೋಡಿಗೆ ಯಾಕೆ ಬತ್ತಾನೆ?”

ನಾವು ಮೂವರೂ ನಕ್ಕೆವು. ಬಾಕಿ ಎಲ್ಲ ಕಡೆಗೂ ಜಾಕೆಟ್ಟು, ಸಾವಿಗೆ ಹೋಗುವಾಗ ಮಾತ್ರ ಅದು ಮನೆಯಲ್ಲೇ ಇರುವುದು ಅಂತ ತೀರ್ಮಾನವಾಯಿತು. ಎಷ್ಟೋ ಸಾವಿಗೆ ಹಾಗೇ ಹೋಗಿ ಬಂದರು. ಏನೂ ಆಗಲಿಲ್ಲ.

ಆಮೇಲೆ ನಮ್ಮ ಅಪ್ಪ ತೀರಿಕೊಂಡರು. ಆಸ್ಪತ್ರೆಯಲ್ಲಿ ನನ್ನ ಜೊತೆ ರಾತ್ರಿಯೆಲ್ಲ ಇದ್ದವರು ಮಾವ. ಬೆಳಿಗ್ಗೆ ಬಡಾವಣೆಗೆ ಸುದ್ದಿ ಮುಟ್ಟಿಸಿದವರು, ಅಮ್ಮನನ್ನು ಕೂರಿಸಿದವರು, ಅಪ್ಪನ ಕೆನ್ನೆಗೆ ಅಂಟಿದ್ದ ಪ್ಲಾಸ್ಟರು ತೆಗೆದವರೂ ಅವರೇ. ಅವತ್ತು ಮಾತ್ರ ಯಾರಿಗೂ ಬೈಯಲಿಲ್ಲ. ಭಾವ ಭಾವ ಅಂತ ದಿನಾ ಸಂಜೆ ಒಟ್ಟಿಗೆ ಕಟ್ಟೆಯ ಮೇಲೆ ಕೂರುತ್ತಿದ್ದ ಮನುಷ್ಯ ಹೋಗಿದ್ದ. ವ್ಯಾನು ಹೊರಟಿತು. ಅದರ ಹಿಂದೆ ಹೆಲ್ಮೆಟ್ಟು ಹಾಕಿಕೊಂಡು ಮಾವ ಬೈಕಿನಲ್ಲಿ ಹೊರಟರು. ಮೈಮೇಲೆ ಪಂಚೆ, ಬಿಳಿ ಶರ್ಟು.

ನಮ್ಮ ಕಡೆ ಹೆಣ್ಣುಮಕ್ಕಳು ಸ್ಮಶಾನಕ್ಕೆ ಹೋಗುವುದಿಲ್ಲ. ಹೋದವರು ಬಂದು ಕಾಲು ತೊಳೆದು ದೀಪ ನೋಡುವುದನ್ನು ಕಾಯುತ್ತಾ ಕೂರಬೇಕು. ಮಾವ ಮೊದಲು ಬಂದು ಹೇಳುತ್ತಾರೆ, ಆಮೇಲೆ ನೀರು ಹೊರಗಿಟ್ಟರಾಯಿತು ಅಂದುಕೊಂಡು ನಾನು ಬಕೆಟ್ಟು ತುಂಬಿಸಿಟ್ಟು ಅತ್ತೆಯ ಜೊತೆ ಕೂತಿದ್ದೆ. ಮಾವ ಬರಲಿಲ್ಲ. ಮೊದಲು ವ್ಯಾನೇ ಬಂತು. ಇಳಿದವರು ಕಾಲು ತೊಳೆಯದೆ ಗೇಟಿನಾಚೆಯೇ ನಿಂತರು. ಮಾವ ನಮಗಿಂತ ಮುಂಚೆ ಹೊರಟಿದ್ದರು, ರಿಂಗ್ ರೋಡಿನಲ್ಲಿ ನಾಯಿ ಅಡ್ಡ ಬಂತಂತೆ, ಡಿವೈಡರಿನ ಅಂಚಿಗೆ ಎದೆ ಬಡಿಯಿತಂತೆ, ಆಸ್ಪತ್ರೆಗೆ ಸೇರಿಸುವ ಹೊತ್ತಿಗೇ… ಅಂತ ಯಾರೋ ಅತ್ತೆಯ ಕಡೆ ನೋಡದೆ ಹೇಳಿದರು. ಹೆಲ್ಮೆಟ್ಟು ಇದ್ದದ್ದರಿಂದ ತಲೆಗೆ ಏನೂ ಆಗಿರಲಿಲ್ಲ. ಪಕ್ಕೆಲುಬು ಮುರಿದು ಒಳಗೆ ಪೆಟ್ಟಾಗಿತ್ತು.

ನನಗೆ ಅಳು ಬರಲಿಲ್ಲ. ನಿಜ ಹೇಳಬೇಕೆಂದರೆ ಏನೂ ಬರಲಿಲ್ಲ. ಬೆಳಿಗ್ಗೆಯಿಂದ ಅಪ್ಪನಿಗಾಗಿ ಅತ್ತು ಅತ್ತು ಖಾಲಿಯಾಗಿತ್ತೋ ಏನೋ. ಚೊಂಬು ಹಿಡಿದುಕೊಂಡು, ಈ ನೀರನ್ನು ಈಗ ಒಳಗಿಡಬೇಕಾ ಹೊರಗಿಡಬೇಕಾ ಅಂತ ಯೋಚಿಸುತ್ತಿದ್ದದ್ದು ನೆನಪಿದೆ. ಅದನ್ನು ಕೇಳಬೇಕೆಂದರೂ ಕೇಳಬೇಕಾದದ್ದು ಮಾವನನ್ನೇ. ಮಾರನೆಯ ದಿನ ಅವರನ್ನು ಸಾಗಿಸಬೇಕಾದಾಗ ವ್ಯಾನಿನವರ ನಂಬರು ಬೀದಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಎಲ್ಲರೂ ಅವರವರ ಗೇಟಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಆಸ್ಪತ್ರೆಯವರು ಕವರಿನಲ್ಲಿ ಹಾಕಿ ಕೊಟ್ಟಿದ್ದ ಪಂಚೆ ಶರ್ಟನ್ನು ಅತ್ತೆ ನೀರಿಗೆ ಹಾಕಲು ಬಿಡಲಿಲ್ಲ.

ಇದೆಲ್ಲ ಆಗಿ ವರ್ಷಗಳಾದವು. ಜಾಕೆಟ್ಟನ್ನು ಅಳಿಯ ತಗೊಂಡು ಹೋದ. ಅತ್ತೆ ಮಗಳ ಮನೆಗೆ ಹೋಗಲಿಲ್ಲ, ಇಲ್ಲೇ ಇದ್ದಾರೆ. ಮೇಲಿನ ಮನೆಯನ್ನು ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಅವರ ಜೊತೆ ಜಗಳ, ನಗು ಎಲ್ಲ ಇದೆ. ನಾನು ಆಫೀಸಿನಿಂದ ಬಂದ ಮೇಲೆ ಸ್ವಲ್ಪ ಹೊತ್ತು ಅವರ ಹತ್ತಿರ ಕೂತು ಬರುತ್ತೇನೆ. ಆ ದಿನದ ಮಾತು ಮಾತ್ರ ನಮ್ಮಿಬ್ಬರ ನಡುವೆ ಬಂದೇ ಇರಲಿಲ್ಲ.

ಸಿಗ್ನಲ್‌ನಲ್ಲಿ ಆ ಬೈಕಿನವನನ್ನು ನೋಡಿದ ಸಂಜೆ ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಕೈ ಹಾಕಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಮಾವನ ಹತ್ತಿರ ಇತ್ತಲ್ಲ ಅಂಥ ಜಾಕೆಟ್ಟು ಇವತ್ತು ನೋಡಿದೆ ಅಂದೆ. ಅತ್ತೆ ತಲೆ ಎತ್ತಲಿಲ್ಲ. ಹಾಕಿಕೊಂಡಿದ್ದರೆ ಉಳಿಯುತ್ತಿದ್ದರಲ್ಲವಾ ಅಂತ ಕೇಳಿದರು. ಹೇಳಕ್ಕಾಗಲ್ಲ ಅತ್ತೆ ಅಂದೆ. ಅದು ಸುಳ್ಳಲ್ಲ, ಯಾರಿಗೂ ಹೇಳಲು ಆಗುವುದಿಲ್ಲ.

ಅತ್ತೆ ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡರು.

“ಅವತ್ತು ಕೇಳಿದ್ರು ಕಣಮ್ಮ,” ಅಂದರು ಅತ್ತೆ. “ನಿಮ್ಮಪ್ಪನ್ನ ಕಳಿಸಿಕೊಡೋಕೆ ಹೊರಡುವಾಗ. ರಾತ್ರಿಯೆಲ್ಲ ನಿದ್ದೆ ಇಲ್ಲ, ಕೈ ನಡುಗ್ತದೆ, ಇವತ್ತೊಂದಿನ ಹಾಕ್ಕೊಂಡೋಗ್ಲಾ ಅಂದ್ರು. ನಾನು ಬ್ಯಾಡ ಅಂದ್ಬುಟ್ಟೆ.”

ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ, ಯಾರಿದ್ದರೂ ಹಾಗೇ ಅನ್ನುತ್ತಿದ್ದರು ಅತ್ತೆ, ನಾನಾಗಿದ್ದರೂ ಬೇಡ ಅನ್ನುತ್ತಿದ್ದೆ ಅಂತ.

“ನೀನಂದಿದ್ರೆ ಅವರು ಕೇಳ್ತಿರ್ಲಿಲ್ಲ,” ಅಂದರು ಅತ್ತೆ. “ನಾನಂದೆ ಅಂತ ಕೇಳಿದ್ರು.”

ಕಾಯಿ ಮುಗಿದ ಮೇಲೆ ಸಿಪ್ಪೆ ಬಾಚಿ ಮೂಲೆಗೆ ಹಾಕಿದೆ. ಅರ್ಧ ಕಾಳನ್ನು ಅತ್ತೆ ನಮ್ಮ ಮನೆಗೆ ಅಂತ ಕವರಿಗೆ ಹಾಕಿ ಕೊಟ್ಟರು. ತಗೊಂಡು ಬಂದೆ.